ಪ್ಲಿನಿಯ ‘ಬೆಳ್ಳಿ ಬೆರೆತ ಚಿನ್ನ’ ಮತ್ತು ರವೆ ಕೆಲಸದ ಬೆಸುಗೆ

ಬೆಳ್ಳಿಯ ಮೈಮೇಲೆ ಸಾಸಿವೆಗಿಂತ ಸಣ್ಣ ರವೆಗಳನ್ನು ಒತ್ತಾಗಿ ಕೂರಿಸಿ ಮೈಯನ್ನು ತರಿತರಿಯಾಗಿಸುವ ಕೆಲಸಕ್ಕೆ ಪ್ರಾಚೀನರು ಯಾವ ಬೆಸುಗೆ ಬಳಸಿದರು? ಈ ಪ್ರಶ್ನೆಗೆ ರೋಮಿನ ಪ್ಲಿನಿಯ ‘ನೈಸರ್ಗಿಕ ಚರಿತ್ರೆ’ಯ 33ನೆಯ ಸಂಪುಟವನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಆದರೆ ಆ ಸಾಕ್ಷಿಯ ಹೇಳಿಕೆಯನ್ನು ಪೂರ್ತಿ ಕೇಳಿಸಿಕೊಂಡವರು ಕಡಿಮೆ.

ಅಕ್ಕಸಾಲಿಗರು ಚಿನ್ನ ಬೆಸೆಯಲು ಬಳಸುವ ‘ಕ್ರಿಸೊಕೊಲ್ಲ’ವನ್ನು ಪ್ಲಿನಿ ಅಲ್ಲಿ ವಿವರಿಸುತ್ತಾನೆ. 1556ರಲ್ಲಿ ಅಚ್ಚಾದ ತನ್ನ ಗಣಿಗಾರಿಕೆಯ ಗ್ರಂಥದಲ್ಲಿ ಅಗ್ರಿಕೋಲ ಇದೇ ಹೆಸರನ್ನು ಬಿಳಿಗಾರಕ್ಕೆ ಹಚ್ಚಿದ. ಟಿಬೆಟ್ಟಿನ ಬಿಳಿಗಾರ ವೆನಿಸ್ಸಿನ ಮೂಲಕ ಯುರೋಪಿನ ಕುಲುಮೆಗಳನ್ನು ಸೇರಿದ್ದ ಕಾಲವದು. ಅದರ ‘ಟಿಂಕಲ್’ ಎಂಬ ಹೆಸರಿನಲ್ಲಿ ನಮ್ಮ ‘ಟಂಕಣ’ವೇ ಅಡಗಿದೆ. ಮಾಡುವ ಕೆಲಸ ಒಂದೇ ಎಂದು ವಸ್ತುವನ್ನೂ ಒಂದೇ ಎಂದು ಬಗೆದದ್ದು ಅಗ್ರಿಕೋಲನ ಮಟ್ಟಿಗೆ ಕ್ಷಮ್ಯ. ಅವನ ನಂತರವೂ ಅದೇ ಮಾತನ್ನು ಒಪ್ಪಿಸುವವರ ಮಟ್ಟಿಗೆ ಅಲ್ಲ. ಪ್ಲಿನಿ ಹೇಳುವ ಪಾಕ ಸ್ಪಷ್ಟವಾಗಿದೆ: ಸೈಪ್ರಸ್ಸಿನ ತಾಮ್ರದ ಕಿಲುಬು, ಬಾಲಕನ ಮೂತ್ರ ಮತ್ತು ಒಂದು ಕ್ಷಾರ, ಅರೆಯುವ ಕಲಬತ್ತೂ ತಾಮ್ರದ್ದೇ. ಇದು ಹಸಿರು ತಾಮ್ರಲವಣ. ಬಿಳಿಗಾರ ಹಸಿರಲ್ಲ.

ತಾಮ್ರಲವಣ ಬೆಸೆಯುವ ಬಗೆಯನ್ನು 1933ರ ತನ್ನ ಪೇಟೆಂಟಿನಲ್ಲಿ ಬಿಡಿಸಿಟ್ಟವನು ಇಂಗ್ಲೆಂಡಿನ ಲಿಟಲ್‌ಡೇಲ್. ಲವಣವನ್ನು ಅಂಟಿನಲ್ಲಿ ಕಲಸಿ ರವೆ ಕೂರಿಸಿ ಕಾಯಿಸಿದರೆ, ಲವಣ ಆಕ್ಸೈಡಾಗುತ್ತದೆ, ಅಂಟು ಇದ್ದಿಲಾಗುತ್ತದೆ. ಇದ್ದಿಲು ಆಮ್ಲಜನಕವನ್ನು ಸೆಳೆದುಕೊಂಡು ರವೆಯ ಬುಡದಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿಸುತ್ತದೆ. ಆ ಒಂದು ಬಿಂದು ಮಾತ್ರ ಕರಗುತ್ತದೆ. (ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಿನ ಅಕ್ಕಸಾಲಿ ಮನೆತನ ಕಾಸ್ಟೆಲಾನಿ, ಪ್ರಾಚೀನರ ರವೆ ಕೆಲಸವನ್ನು ಮರಳಿ ಸಾಧಿಸುವ ಯತ್ನದಲ್ಲಿ, ಅರದಿಂದ ಉಜ್ಜಿದ ಬೆಸುಗೆಪುಡಿಯಿಂದಲೇ ಬಹುದೂರ ಸಾಗಿತ್ತು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಒಗಟು ಬಿಡಿಸಿದ ಶ್ರೇಯಸ್ಸು ಅವರದಲ್ಲ.)

ಬೆಳ್ಳಿಯ ರವೆ ಕೆಲಸಕ್ಕೂ ಇದೇ ತಾಮ್ರದ ಬೆಸುಗೆ ಒಗ್ಗುತ್ತಿತ್ತು ಎಂದರೆ, ಎದುರುವಾದಿಗಳು ಪ್ಲಿನಿಯನ್ನೇ ತಿರುಗಿಸಿ ಹಿಡಿಯುತ್ತಾರೆ. ಬೆಳ್ಳಿಗೆ ‘ಸ್ಟಾಗ್ನಮ್’ ಎಂಬ ಸೀಸ-ತವರಗಳ ಜಾತಿಯ ಬೆಸುಗೆ ಎಂದು ಅವನೇ ಬರೆದಿದ್ದಾನಲ್ಲ ಎಂಬುದು ಅವರ ವಾದ. ಆ ಮಾತು ಎಲ್ಲಿದೆಯೆಂದು ನೋಡಬೇಕು. ಕಬ್ಬಿಣ, ತಾಮ್ರದ ಗಟ್ಟಿ, ಅಮೃತಶಿಲೆಗಳ ಜೋಡಣೆಯ ಪಟ್ಟಿಯಲ್ಲಿದೆ. ಅದು ಪಾತ್ರೆ-ಪರಡಿಯ ಮಾತು. ಅಂಥ ಬೆಸುಗೆ ರವೆಗಳ ಸಂದಿಗೆ ಹರಿದು ತುಂಬಿಕೊಂಡರೆ ತರಿಯೇ ಅಳಿಸಿಹೋಗುತ್ತದೆ. ಮತ್ತೆ ಕಾಯಿಸಿದರೆ ಸೀಸ, ತವರಗಳು ಬೆಳ್ಳಿಯನ್ನು ತಿನ್ನುತ್ತವೆ.

ಯಾರೂ ನಿಂತು ನೋಡದ ಮಾತು ಅದಕ್ಕೂ ತುಸು ಮುಂಚೆ ಇದೆ. ಈ ಹಸಿರು ಪಾಕ ‘ಅರ್ಜೆಂಟೋಸುಮ್’, ಅಂದರೆ ಬೆಳ್ಳಿ ಬೆರೆತ ಚಿನ್ನಕ್ಕೆ ಒಗ್ಗುತ್ತದೆ, ಹಚ್ಚಿದಾಗ ಆ ಚಿನ್ನ ಹೊಳೆಯುತ್ತದೆ. ತಾಮ್ರ ಬೆರೆತ ಚಿನ್ನ ಮುದುಡಿ ಮಂಕಾಗುತ್ತದೆ, ಬೆಸುಗೆಗೆ ಸುಲಭವಾಗಿ ಬಗ್ಗದು ಎನ್ನುತ್ತಾನೆ ಪ್ಲಿನಿ. ಇದು ಕುಲುಮೆಯ ಮುಂದೆ ಕೂತವನಿಂದ ಬಂದ ಮಾತು. ಬರಿಯ ಬೆಳ್ಳಿಯ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್ಸಿಗೆ, ತಾಮ್ರ 1085ಕ್ಕೆ ಕರಗುತ್ತವೆ. ಶೇಕಡ 28ರಷ್ಟು ತಾಮ್ರ ಸೇರಿದ ಬೆಳ್ಳಿ 779ಕ್ಕೇ ಕರಗುತ್ತದೆ. ಮೈ ಕರಗುವ ಮುನ್ನ ಬೆಸುಗೆ ಹರಿಯಲು ಸುಮಾರು 180 ಡಿಗ್ರಿಗಳ ಬಿಡುವು! ಇನ್ನು, ಮಿಶ್ರಲೋಹದೊಳಗಿನ ತಾಮ್ರ ಬಿಸಿಗೆ ಕಪ್ಪಿಟ್ಟು ಬೆಸುಗೆಗೆ ಅಡ್ಡ ಬರುತ್ತದೆ. ಇಂದಿಗೂ ರವೆ ಕೆಲಸಕ್ಕೆ 925ರ ಬೆಳ್ಳಿಗಿಂತ ಅಪ್ಪಟ ಬೆಳ್ಳಿಯೇ ಸಲೀಸು ಎನ್ನುವುದು ಇದಕ್ಕಾಗಿಯೇ.

ನನ್ನ ವಾದದ ಮಿತಿಯನ್ನೂ ಹೇಳಬೇಕು. ಪ್ಲಿನಿ ಈ ಭಾಗದಲ್ಲಿ ರವೆಯ ಹೆಸರೆತ್ತಿಲ್ಲ. ತಾಮ್ರಲವಣದಿಂದ ಆಗುತ್ತಿತ್ತು ಎಂದಮಾತ್ರಕ್ಕೆ ಪ್ರತಿ ಬೆಳ್ಳಿ ಓಲೆಯೂ ಹಾಗೆಯೇ ಆಯಿತು ಎಂದಲ್ಲ. ಅದನ್ನು ಒಂದೊಂದು ಒಡವೆಯ ಸಂದಿಯನ್ನೇ ಪರೀಕ್ಷಿಸಿ ಹೇಳಬೇಕು. ಆದರೆ ಬೆಳ್ಳಿಗೆ ತಾಮ್ರದ ಬೆಸುಗೆ ಪ್ರಾಚೀನರಿಗೆ ತಿಳಿದಿರಲಿಲ್ಲ ಎನ್ನಲು ಇನ್ನು ಪ್ಲಿನಿಯನ್ನು ಕರೆಯುವಂತಿಲ್ಲ. ಬೆಳ್ಳಿ ಸೇರಿದ ಚಿನ್ನ ಹಸಿರು ಪಾಕ ಹಚ್ಚಿದಾಗ ಹೊಳೆಯುತ್ತದೆ ಎಂದು ಬರೆದಿಟ್ಟವನು ಅವನೇ.