ಎಲುಬಿನ ಬಾವು: ಏಕಸಂಬಿ ಪರಿಸರದಲ್ಲಿ ಮಕ್ಕಳ ರೋಗನಿದಾನದ ಚರಿತ್ರೆ

ದೂಧಗಂಗಾ ನದಿಯ ಬಯಲಿನ ಏಕಸಂಬಿ ಕನ್ನಡ, ಮರಾಠಿಗಳು ಕೂಡುವ ಗಡಿನೆಲ. ಇಲ್ಲಿಯ ನೇಮಿನಾಥ ಬಸದಿಯನ್ನು ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ಕಟ್ಟಿಸಿದ ಸಂಗತಿ 1165ರ ಶಾಸನದಿಂದ ತಿಳಿದುಬರುತ್ತದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಜೈನ ಪರಂಪರೆಯು ವೈದ್ಯಗ್ರಂಥಗಳನ್ನೂ ಬೆಳೆಸಿತು. ಸುಮಾರು 1200ರಲ್ಲಿ ದೇವೇಂದ್ರಮುನಿಯು ಕನ್ನಡದಲ್ಲಿ ‘ಬಾಲಗ್ರಹ ಚಿಕಿತ್ಸೆ’ಯನ್ನು ರಚಿಸಿದನು. ಶಿಶುವಿನ ಕಾಯಿಲೆಗೆ ಗ್ರಹಪೀಡೆ ಕಾರಣವೆಂಬ ಭಾವನೆ ಆ ಹೆಸರಿನಲ್ಲಿಯೇ ಇದೆ. ಇದಕ್ಕೂ ಪೂರ್ವದ ಸುಶ್ರುತಸಂಹಿತೆಯ ನಿದಾನಸ್ಥಾನವು ಎಲುಬಿನ ಮಜ್ಜೆಯಲ್ಲಿ ಕೀವುಗಟ್ಟುವ ವಿದ್ರಧಿಯನ್ನು ಪ್ರತ್ಯೇಕವಾಗಿ ಗುರುತಿಸಿತ್ತೆಂಬುದು ಗಮನಾರ್ಹ.

ಜನಪದರ ನಿದಾನಕ್ರಮ ಬೇರೆ. ಮಗು ಕಾಲೂರದಿದ್ದರೆ ಮೊದಲು ಹೊಳೆಯುವ ಕಾರಣ ಬಿದ್ದ ಪೆಟ್ಟು ಇಲ್ಲವೆ ಉಳುಕು. ಎಣ್ಣೆ ಹಚ್ಚಿ ತಿಕ್ಕುವುದು, ಪಟ್ಟು ಹಾಕುವುದು, ಚುಟಿಗೆ ಕೊಡುವುದು ಇದರಿಂದಲೇ ಹುಟ್ಟಿದ ರೂಢಿಗಳು. ಕೀಲಿನ ಬಳಿಯ ಬಾವಿಗೆ ನಾರುಹುಣ್ಣೂ ಕಾರಣವಾಗುತ್ತಿತ್ತು. ಭಾರತದಲ್ಲಿ ಅದರ ಕೊನೆಯ ಪ್ರಕರಣ 1996ರದು. ಆಡುವ ಮಗು ದಿನವೂ ಬೀಳುತ್ತದೆ. ಆದುದರಿಂದ ಪೆಟ್ಟಿನ ನೆನಪು ಸುಳ್ಳಲ್ಲ. ಆದರೆ ಅದೇ ನೆನಪು ಜ್ವರದ ಅರ್ಥವನ್ನು ಮರೆಮಾಡುತ್ತದೆ.

1874ರಲ್ಲಿ ಥಾಮಸ್ ಸ್ಮಿತ್ ಎಳೆಗೂಸುಗಳ ತೀವ್ರ ಕೀಲುಬೇನೆಯನ್ನು ವಿವರಿಸಿದನು. 1880ರ ದಶಕದಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಕಂಡ ಸೂಕ್ಷ್ಮಾಣುವಿಗೆ ಸ್ಟೆಫೈಲೊಕಾಕಸ್ ಎಂದು ಹೆಸರಿಟ್ಟನು. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದನು. ಮರುವರ್ಷವೇ ರಾಂಟ್‌ಜೆನ್ ಕ್ಷಕಿರಣವನ್ನು ಕಂಡುಹಿಡಿದನು. ಆದರೆ ಸೋಂಕು ತಗುಲಿದ ಮೊದಲ ವಾರದಲ್ಲಿ ಕ್ಷಕಿರಣ ಚಿತ್ರದಲ್ಲಿ ಎಲುಬು ಬಹುಮಟ್ಟಿಗೆ ಸಹಜವಾಗಿಯೇ ಕಾಣುತ್ತದೆ. ಹೀಗಾಗಿ ಚಿತ್ರ ಸರಿಯಿದೆಯೆಂಬ ಸಮಾಧಾನವೂ ಮೋಸಗೊಳಿಸಬಲ್ಲದು.

1999ರಲ್ಲಿ ಕೋಚರ್ ಮತ್ತು ಸಂಗಡಿಗರು ಸೊಂಟದ ಕೀಲಿನ ಸೋಂಕಿಗೆ ನಾಲ್ಕು ಸೂಚನೆಗಳನ್ನು ಮುಂದಿಟ್ಟರು: ಜ್ವರ, ಕಾಲೂರಲಾಗದಿರುವುದು, ರಕ್ತಕಣಗಳು ತಂಗುವ ವೇಗ ಗಂಟೆಗೆ 40 ಮಿಲಿಮೀಟರಿಗಿಂತ ಹೆಚ್ಚಿರುವುದು, ಬಿಳಿಯ ರಕ್ತಕಣಗಳು 12,000 ಮೀರಿರುವುದು. ಇವುಗಳಲ್ಲಿ ಮೊದಲೆರಡು ಮನೆಯಲ್ಲಿಯೇ ಕಾಣತಕ್ಕವು. ರಕ್ತದ ಕೃಷಿಪರೀಕ್ಷೆ, ಸೂಜಿಯಿಂದ ತೆಗೆದ ಕೀಲುದ್ರವದ ಪರೀಕ್ಷೆ, ಶ್ರವಣಾತೀತ ಧ್ವನಿಚಿತ್ರ, ಎಂ.ಆರ್.ಐ. ಇವು ಮುಂದಿನ ಹಂತಗಳು. ಕ್ಷಯದ ಸೋಂಕಾದರೋ ತೀವ್ರ ಜ್ವರವಿಲ್ಲದೆ ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಯಬಲ್ಲದು.

ಕೂಸು ಕಾಲು ಆಡಿಸದು, ಮುಟ್ಟಗೊಡದು ಎಂಬ ತಾಯಿಯ ಮಾತು ಇಂದಿನ ವೈದ್ಯರಿಗೂ ಮುಖ್ಯ ಲಕ್ಷಣವೇ ಆಗಿದೆ. ಜನಪದರ ನೋಟ ತಪ್ಪಲಿಲ್ಲ, ತಪ್ಪಿದ್ದು ಅದಕ್ಕೆ ಕೊಟ್ಟ ಹೆಸರು. ಸೊಂಟದ ಕೀಲಿನಲ್ಲಿ ತುಂಬಿದ ಕೀವು ತೊಡೆಯೆಲುಬಿನ ತಲೆಗೆ ಹರಿಯುವ ರಕ್ತವನ್ನು ತಡೆದರೆ ಜೀವಮಾನದ ಕುಂಟು ಉಳಿಯುತ್ತದೆ. ತಿಕ್ಕುವುದರಲ್ಲಿ, ಚುಟಿಗೆಯಲ್ಲಿ ಕಳೆದ ದಿನಗಳ ಬೆಲೆ ಇದು. ಆ ತಾಯಿಯ ನೋಟ ಮೊದಲ ದಿನವೇ ಆಸ್ಪತ್ರೆಯನ್ನು ಮುಟ್ಟಿದಲ್ಲಿ ಎರಡು ಜ್ಞಾನಪರಂಪರೆಗಳೂ ಮಗುವಿಗೆ ಒದಗಿಬಂದಂತಾಗುತ್ತದೆ.