ಕ್ಯಾಮೆರಾಕ್ಕಿಂತ ಮೊದಲು ಮೈಕು: ಹುಬ್ಬಳ್ಳಿ–ಧಾರವಾಡದಿಂದ ಸಿನಿಮಾ ಶುರುಮಾಡುವವರಿಗೆ

ಸಿನಿಮಾ ಮಾಡಬೇಕು ಅಂದ ಕೂಡಲೇ ಹೊಸಬರು ಕೇಳೋದು ‘ಯಾವ ಕ್ಯಾಮೆರಾ ತಗೊಳ್ಳೋಣ?’ ಅಂತ. ಆದರೆ ಚಿತ್ರ ಸ್ವಲ್ಪ ಮಸುಕಾದರೂ ನೋಡುಗರು ಸಹಿಸಿಕೊಳ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗ್ತಾರೆ. ಹುಬ್ಬಳ್ಳಿ–ಧಾರವಾಡದವರಿಗೆ ಇದು ಬರೀ ತಾಂತ್ರಿಕ ಪ್ರಶ್ನೆಯೂ ಅಲ್ಲ.

ಯಾರ ಕನ್ನಡ ಕೇಳಿಸುತ್ತೆ?

ಕನ್ನಡ ಸಿನಿಮಾದಲ್ಲಿ ಬಹುಕಾಲ ನಡೆದು ಬಂದ ಪದ್ಧತಿ ಡಬ್ಬಿಂಗ್. ಚಿತ್ರೀಕರಣ ಎಲ್ಲೇ ಆಗಲಿ, ಮಾತು ಸ್ಟುಡಿಯೋದಲ್ಲಿ ಮತ್ತೆ ರೆಕಾರ್ಡ್ ಆಗುತ್ತೆ. ಆ ಹಂತದಲ್ಲಿ ಊರಿನ ಗಾಳಿ, ಸಂತೆ, ಮಾತಿನ ಏರಿಳಿತ ಎಲ್ಲವೂ ಅಳಿಸಿಹೋಗಬಹುದು. ‘ಬಂದಾನ’, ‘ಹೋಗೂಣು’ ಅನ್ನೋ ಕನ್ನಡ ಹೆಚ್ಚಾಗಿ ಉಳಿದದ್ದು ಹಾಸ್ಯ ಪಾತ್ರಗಳ ಬಾಯಲ್ಲಿ. ಟಿ.ಎಸ್. ನಾಗಾಭರಣ ಅವರ ‘ನಾಗಮಂಡಲ’ (1997) ಉತ್ತರ ಕರ್ನಾಟಕದ ಮಾತನ್ನೇ ಕಥೆಯ ಭಾಷೆ ಮಾಡಿಕೊಂಡಿತು. ಅಂಥವು ಕಡಿಮೆ.

ಸ್ಥಳದಲ್ಲೇ ಧ್ವನಿ ಹಿಡಿಯುವ ಸಿಂಕ್ ಸೌಂಡ್ ಈ ಲೆಕ್ಕವನ್ನು ಬದಲಿಸುತ್ತೆ. ರಾಮ್ ರೆಡ್ಡಿ ಅವರ ‘ತಿಥಿ’ (2015) ನೆನಪಿಸಿಕೊಳ್ಳಿ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿ, ತಮ್ಮ ಮಾತನ್ನೇ ಆಡಿದ ಆ ಚಿತ್ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅದರ ಧ್ವನಿ ವಿನ್ಯಾಸ ಮಾಡಿದ ನಿತಿನ್ ಲೂಕೋಸ್ ಮುಂದೆ ‘ಪಗ’ (2021) ಎಂಬ ಮಲಯಾಳಂ ಚಿತ್ರ ನಿರ್ದೇಶಿಸಿದರು, ಅದು ಟೊರಾಂಟೊ ಉತ್ಸವಕ್ಕೆ ಹೋಯಿತು. ಅಂದರೆ ಧ್ವನಿಯಿಂದಲೂ ನಿರ್ದೇಶನಕ್ಕೆ ದಾರಿ ಇದೆ.

ಎಲ್ಲಿ ಕಲಿಯೋದು?

ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ, ಎರಡರಲ್ಲೂ ಧ್ವನಿಗೇ ಮೀಸಲಾದ ಸ್ನಾತಕೋತ್ತರ ಕೋರ್ಸ್ ಇದೆ. ಬೆಂಗಳೂರು ಹತ್ತಿರದ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟಿವಿ ಸಂಸ್ಥೆಯಲ್ಲಿ ಡಿಪ್ಲೊಮಾ ಉಂಟು. ಅರ್ಹತೆಯ ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ.

ಕೋರ್ಸಿಗೆ ಹೋಗಲು ಆಗದವರಿಗೂ ಈ ಊರು ಒಂದು ಶಾಲೆಯೇ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಸೀಮೆ ಇದು. ಸಂಗೀತ ಕಛೇರಿಗೆ ಹೋದಾಗ ಸಭಾಂಗಣದ ಮುಂದಿನ ಸಾಲಿನಲ್ಲಿ ಒಮ್ಮೆ, ಕೊನೆಯ ಸಾಲಿನಲ್ಲಿ ಒಮ್ಮೆ ಕೂತು ಕೇಳಿ. ಅದೇ ತಂಬೂರಿ ಬೇರೆ ಥರ ಕೇಳಿಸೋದು ಯಾಕೆ ಅಂತ ಯೋಚಿಸಿದರೆ ಮೈಕು ಎಲ್ಲಿಡಬೇಕು ಅನ್ನೋದರ ಅರ್ಧ ಪಾಠ ಮುಗೀತು.

ಕೈಯಲ್ಲಿ ಏನಿರಬೇಕು?

ಮೊಬೈಲಲ್ಲೇ ಚಿತ್ರ ತೆಗೆಯಿರಿ. ಉಳಿದ ದುಡ್ಡಲ್ಲಿ ಒಂದು ಪುಟ್ಟ ರೆಕಾರ್ಡರ್, ಒಂದು ಕಾಲರ್ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೊಳ್ಳಿ. ಎಡಿಟಿಂಗಿಗೆ ಆಡಾಸಿಟಿ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು.

- 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಮಾತಿನ ಏರು ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ.
- ಮೈಕಿನ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತೆ, ಫ್ಯಾನಿನ ಸದ್ದು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಆದ್ದರಿಂದ ಮೈಕು ಹತ್ತಿರ ತನ್ನಿ, ಫ್ಯಾನು, ಫ್ರಿಜ್ ಆರಿಸಿ.
- ಪ್ರತಿ ಶಾಟಿನ ಆರಂಭದಲ್ಲಿ ಕ್ಯಾಮೆರಾ ಮುಂದೆ ಚಪ್ಪಾಳೆ ಹೊಡೀರಿ. ಚಿತ್ರ, ಧ್ವನಿ ಹೊಂದಿಸೋಕೆ ಅದೇ ಗುರುತು.
- ಜಾಗ ಬಿಡುವ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷ ಅಲ್ಲಿನ ಮೌನ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಮಾತಿನ ನಡುವಿನ ಸಂದು ಮುಚ್ಚೋದು ಅದರಿಂದಲೇ.
- ಹೋಟೆಲಿನಲ್ಲಿ ಸಿನಿಮಾ ಹಾಡು ಹಾಕಿದ್ದರೆ ನಿಲ್ಲಿಸಲು ಕೇಳಿ. ಆ ಹಾಡಿನ ಹಕ್ಕು ನಿಮ್ಮದಲ್ಲ.

ಮೊದಲ ಚಿತ್ರ

ಹತ್ತು ನಿಮಿಷದ ಸಾಕ್ಷ್ಯಚಿತ್ರದಿಂದ ಶುರುಮಾಡಿ. ವಿಷಯ ಪಕ್ಕದಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಿಐಎಸ್ ಮಾನ್ಯತೆಯ ಖಾದಿ ರಾಷ್ಟ್ರಧ್ವಜ ತಯಾರಾಗುತ್ತೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅವಕಾಶ ಕೊಟ್ಟಿತು. ಈ ಕಥೆಯನ್ನು ಹಿನ್ನೆಲೆ ನಿರೂಪಣೆಯೇ ಇಲ್ಲದೆ, ಹೊಲಿಗೆ ಯಂತ್ರದ ಸದ್ದು ಮತ್ತು ಕೆಲಸಗಾರರ ಮಾತಿನಿಂದಲೇ ಹೇಳಲು ಆಗುತ್ತಾ? ಪ್ರಯತ್ನಿಸಿ ನೋಡಿ.

ಥಿಯೇಟರಿಗೆ ಒಯ್ಯಬೇಕಾದರೆ ಸಿಬಿಎಫ್‌ಸಿ ಪ್ರಮಾಣಪತ್ರ ಬೇಕು. ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಲಾಯಿತು. ಈಗ ಹೈಕೋರ್ಟಿಗೇ ಹೋಗಬೇಕು, ಸಣ್ಣ ನಿರ್ಮಾಪಕರಿಗೆ ಅದು ದೊಡ್ಡ ಹೊರೆ.

ಇನ್ನೊಂದು ಎಚ್ಚರ ಬೇಕು. ಕೂಲಿ ಬಾಕಿ, ಕಿರುಕುಳದ ಬಗ್ಗೆ ಮಾತಾಡಿದವರ ಮುಖ ಮಸುಕು ಮಾಡಿದರೆ ಸಾಲದು. ಸಣ್ಣ ಓಣಿಯಲ್ಲಿ, ಸಣ್ಣ ಕಾರ್ಖಾನೆಯಲ್ಲಿ ಧ್ವನಿ ಕೇಳಿಯೇ ‘ಇದು ಇಂಥವರದ್ದು’ ಅಂತ ಗುರುತು ಹಿಡಿತಾರೆ. ಅಂಥ ಮಾತನ್ನು ಅವರ ಒಪ್ಪಿಗೆ ಪಡೆದು ಬೇರೆಯವರಿಂದ ಹೇಳಿಸಿ, ಹಾಗೆ ಮಾಡಿದ್ದನ್ನು ಪರದೆ ಮೇಲೆ ತಿಳಿಸಿ. ಬಿಡುಗಡೆಗೆ ಮುಂಚೆ ಅವರಿಗೇ ಮೊದಲು ಕೇಳಿಸಿ. ಅವರು ಬೇಡ ಅಂದ ಸಾಲನ್ನು ತೆಗೀರಿ, ಅದು ಎಷ್ಟೇ ಚೆನ್ನಾಗಿ ರೆಕಾರ್ಡ್ ಆಗಿರಲಿ.