ಚಿತ್ರಾ ಕವಾಟದ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರಿಂದ ಮೊದಲ್ಗೊಂಡು ಮೈಸೂರಿನ ಒಡೆಯರವರೆಗಿನ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದನ್ನು ಬಲ್ಲವರು ಬರೆಯಲಿ. ಹೊಟ್ಟೆಪಾಡಿಗಾಗಿ ಬಂದು ನಾವು ನೆಲೆನಿಂತಿರುವ ಈ ತಿರುವನಂತಪುರದಲ್ಲಿಯೇ ನಡೆದುಹೋದ ಒಂದು ಚರಿತ್ರೆಯುಂಟು. ಅದರಲ್ಲಿ ಅರಸರೂ ಇದ್ದಾರೆ, ಅರಮನೆಯೂ ಇದೆ. ಯುದ್ಧ ಮಾತ್ರ ಮನುಷ್ಯನ ಎದೆಯೊಳಗಿನದು.

ನಮ್ಮವರಲ್ಲಿ ಕೆಲವರನ್ನು ಬ್ಯಾಂಕು ಇಲ್ಲಿಗೆ ಕರೆತಂದಿತು, ಕೆಲವರನ್ನು ಹೋಟೆಲು, ಇನ್ನು ಕೆಲವರನ್ನು ತುಂಬ. ತುಂಬೆಯ ಹೂವಿನಿಂದ ಹೆಸರಾಯಿತೆಂದು ಹೇಳುವ ಆ ಬೆಸ್ತರ ಹಳ್ಳಿಯಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಹಾರಿದುದು ಎಲ್ಲರಿಗೂ ಗೊತ್ತು. ತುಂಬದಲ್ಲಿ ರೂಪುಗೊಂಡ ಎಸ್.ಎಲ್.ವಿ.-3 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಮೇಲೆದ್ದು ಸಮುದ್ರದ ಪಾಲಾಯಿತು. ಕಾರಣ, ಮುಚ್ಚಿಕೊಳ್ಳಬೇಕಾಗಿದ್ದ ಒಂದು ಸಣ್ಣ ಕವಾಟ ಮುಚ್ಚಿಕೊಳ್ಳಲಿಲ್ಲ. ಅದನ್ನು ಹುಡುಕಿ ತೆಗೆದು, ಬರೆದಿಟ್ಟು, ತಿದ್ದಿಕೊಂಡದ್ದರಿಂದಲೇ 1980ರ ಜುಲೈ 18ರ ಗೆಲುವು ಬಂದಿತು. ಅದೇ ಕಾಲದಲ್ಲಿ ಇದೇ ಊರಿನ ಪೂಜಪ್ಪುರದಲ್ಲಿ ಇನ್ನೊಂದು ಕವಾಟವನ್ನು ಮಾಡುವ ಪ್ರಯತ್ನ ನಡೆದಿತ್ತು. ಅದು ಸೋತುಸೋತು ಗೆದ್ದ ಕಥೆ ಅಷ್ಟು ಜನಕ್ಕೆ ತಿಳಿಯದು.

ಹೃದಯದಲ್ಲಿ ನಾಲ್ಕು ಕವಾಟಗಳಿವೆಯಷ್ಟೆ. ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಾರದಂತೆ ತಡೆಯುವುದು ಅವುಗಳ ಕೆಲಸ. ಎಳೆಯ ವಯಸ್ಸಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ಕೀಲುವಾತದ ಜ್ವರ ಈ ಕವಾಟಗಳನ್ನು ಕೆಡಿಸಿಬಿಡುತ್ತದೆ. ಇದು ಹೆಚ್ಚಾಗಿ ಬಡವರ ಮನೆಯ ಕಾಯಿಲೆ. ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟವನ್ನು ಕೂಡಿಸಬಹುದು. ಆದರೆ ಅಂದು ಅದು ಪರದೇಶದಿಂದ ಬರಬೇಕಾಗಿತ್ತು, ಅದರ ಬೆಲೆ ಬಡವನ ಕೈಗೆ ಎಟುಕುವಂತಿರಲಿಲ್ಲ.

1973ರಲ್ಲಿ ತಿರುವಾಂಕೂರಿನ ರಾಜಮನೆತನದವರು ಆಸ್ಪತ್ರೆಗೆಂದು ಒಂದು ದೊಡ್ಡ ಕಟ್ಟಡವನ್ನು ಸರ್ಕಾರಕ್ಕೆ ದಾನವಾಗಿತ್ತರು. ಮಾವೇಲಿಕ್ಕರದವರಾದ ಶಸ್ತ್ರವೈದ್ಯ ಡಾಕ್ಟರ್ ಎಂ. ಎಸ್. ವಲಿಯತ್ತಾನರು ಮರುವರ್ಷ ಅದರ ಹೊಣೆ ಹೊತ್ತರು. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹುಟ್ಟಿದ್ದು ಹೀಗೆ. ರೋಗಿಗಳಿಗೆ ಆಸ್ಪತ್ರೆ, ಉಪಕರಣಗಳ ತಯಾರಿಕೆಗೆ ಪೂಜಪ್ಪುರದ ಸಾಟಲ್ಮಂಡ್ ಅರಮನೆ. ವೈದ್ಯರೂ ಎಂಜಿನಿಯರರೂ ಒಂದೇ ಸಂಸ್ಥೆಯಲ್ಲಿ ಕುಳಿತು ಕೆಲಸ ಮಾಡುವುದು ನಮ್ಮ ದೇಶಕ್ಕೆ ಹೊಸದಾಗಿತ್ತು.

ಕವಾಟದ ರಚನೆ ಕೇಳಲು ಸರಳ. ಒಂದು ಲೋಹದ ಬಳೆ, ಅದರೊಳಗೆ ವಾಲಿ ತೆರೆದು ಮುಚ್ಚುವ ಬಿಲ್ಲೆ, ಬಿಲ್ಲೆ ಜಾರದಂತೆ ಹಿಡಿಯುವ ಲೋಹದ ಕಡ್ಡಿಗಳು, ಹೊಲಿಯಲು ಸುತ್ತಲೂ ಬಟ್ಟೆಯ ಅಂಚು. ಆದರೆ ಆ ಬಿಲ್ಲೆ ದಿನಕ್ಕೆ ಒಂದು ಲಕ್ಷ ಸಲ, ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯಬೇಕು. ಮೊದಲ ಮಾದರಿಯಲ್ಲಿ ಬೆಸುಗೆ ಹಾಕಿದ ಕಡ್ಡಿ ಮುರಿಯಿತು. ಎರಡನೆಯದರಲ್ಲಿ ಕೃತಕ ನೀಲಮಣಿಯ ಬಿಲ್ಲೆಯನ್ನು ಇಟ್ಟರು. ಅದು ಬಲು ಗಟ್ಟಿ, ತನ್ನನ್ನು ಹಿಡಿದ ಟೈಟೇನಿಯಂ ಲೋಹವನ್ನೇ ತಿಂದುಹಾಕಿತು. ಮೂರನೆಯದರಲ್ಲಿ ಲೋಹವನ್ನು ಬದಲಿಸಿದರು; ಕುರಿಯ ಎದೆಯಲ್ಲಿ ಇಟ್ಟು ನೋಡಿದಾಗ ನೀಲಮಣಿಯೇ ಒಡೆಯಿತು. ವರ್ಷಗಳ ದುಡಿಮೆ ಹೀಗೆ ಮೂರು ಸಲ ಮಣ್ಣುಗೂಡಿತು. ನಾಲ್ಕನೆಯದರಲ್ಲಿ ಬಿಲ್ಲೆಗೆ ಪಾಲಿಎಥಿಲೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕು, ಬಳೆಗೂ ಕಡ್ಡಿಗಳಿಗೂ ಕೋಬಾಲ್ಟ್ ಮಿಶ್ರಲೋಹ. ಆ ಲೋಹದ ಭಾಗವನ್ನು ಒಂದೇ ಗಟ್ಟಿಯಿಂದ ಕೊರೆದು ತೆಗೆದರು. ಬೆಸುಗೆಯೇ ಇಲ್ಲ! ಮೊದಲ ಸೋಲಿನ ಪಾಠ ನಾಲ್ಕನೆಯ ಮಾದರಿಯ ಮೈಯಲ್ಲಿ ಹೀಗೆ ಉಳಿಯಿತು. ಪ್ಲಾಸ್ಟಿಕ್ಕಿನ ಬಿಲ್ಲೆಯಾದ್ದರಿಂದ ಅದು ಮುಚ್ಚುವ ಸದ್ದೂ ಮೆತ್ತಗೆ.

1990ರ ಡಿಸೆಂಬರ್ 6ರಂದು ಈ ಕವಾಟವನ್ನು ಮೊದಲ ಸಲ ರೋಗಿಯೊಬ್ಬರ ಹೃದಯದಲ್ಲಿ ಕೂಡಿಸಿದರು. 1995ರ ಆರಂಭದೊಳಗೆ ಆರು ಆಸ್ಪತ್ರೆಗಳಲ್ಲಿ 306 ಜನಕ್ಕೆ ಹಾಕಿ ನೋಡಿದರು. ಇಲ್ಲಿಯವರೆಗಿನದು ಸಾಹಸದ ಕಥೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು: ಗೆದ್ದ ಮೇಲೆ ಇವರು ಸೋತದ್ದನ್ನು ಮುಚ್ಚಿಡಲಿಲ್ಲ. 1996ರಲ್ಲಿ ಹೃದಯ ಕವಾಟಗಳಿಗೇ ಮೀಸಲಾದ ಪರದೇಶದ ಪತ್ರಿಕೆಯೊಂದರಲ್ಲಿ ಎಂಜಿನಿಯರ್ ಭುವನೇಶ್ವರ್ ಮತ್ತು ಸಂಗಡಿಗರು ಕವಾಟ ಬೆಳೆದುಬಂದ ಬಗೆಯನ್ನು ಪ್ರಕಟಿಸಿದರು. 2001ರಲ್ಲಿ ಆ 306 ರೋಗಿಗಳ ಗತಿ ಏನಾಯಿತೆಂಬ ವರದಿ ಬಂದಿತು. ಕವಾಟ ಮುರಿದ ಪ್ರಸಂಗ ಇರಲಿಲ್ಲ; ಸಾವು, ರಕ್ತ ಹೆಪ್ಪುಗಟ್ಟಿದ್ದು, ರಕ್ತಸ್ರಾವ ಎಲ್ಲದಕ್ಕೂ ಲೆಕ್ಕವಿತ್ತು.

ಬ್ಯಾಂಕಿನವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಲೆಡ್ಜರಿನಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸುವಂತಿಲ್ಲ. ಅದು ಓದಲು ಬರುವಂತೆಯೇ ಒಂದು ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಲೆಕ್ಕವೆಲ್ಲ ಕಂಪ್ಯೂಟರಿನೊಳಗೆ ಹೋದರೂ ಆ ನಿಯಮ ಹೋಗಿಲ್ಲ.

ಹೀಗೆ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಕವಾಟವೇ ಸಾಕ್ಷಿ. ಬ್ಯೋರ್ಕ್-ಶೈಲಿ ಎಂಬ ಕವಾಟ 1969ರಿಂದ ಒಳ್ಳೆಯ ಹೆಸರು ಮಾಡಿತ್ತು. ರಕ್ತ ಇನ್ನೂ ಸರಾಗವಾಗಿ ಹರಿಯಲೆಂದು ಬಿಲ್ಲೆಯ ಆಕಾರವನ್ನು ಬದಲಿಸಿ 1979ರಲ್ಲಿ ಹೊಸ ಮಾದರಿಯನ್ನು ಮಾರಾಟಕ್ಕೆ ತಂದರು. ಅದರಲ್ಲಿ ಬೆಸುಗೆ ಹಾಕಿದ ಒಂದು ಕಡ್ಡಿ ಮುರಿಯತೊಡಗಿತು. ಕಡ್ಡಿ ಮುರಿದರೆ ಬಿಲ್ಲೆ ಕಳಚಿ ಹೋಗುತ್ತದೆ. 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯುವಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 86,000 ಜನರ ಎದೆಯಲ್ಲಿ ಅದು ಕುಳಿತಿತ್ತು. 600ಕ್ಕೂ ಹೆಚ್ಚು ಕವಾಟಗಳು ಮುರಿದವು. ಹಾಗೆ ಮುರಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತರು. ತನಿಖೆಯಾದಾಗ ಕಾರ್ಖಾನೆಯ ಕಾಗದಗಳಲ್ಲಿ ಒಂದು ವಿಚಿತ್ರ ಕಂಡಿತು: ಬಿರುಕಿಗೆ ಮತ್ತೆ ಬೆಸುಗೆ ಹಾಕಿದ್ದಾಗಿ ಗುರುತು ಹಾಕಿದ್ದ ನೌಕರ ಆ ತಾರೀಖಿಗೆ ಕೆಲಸವನ್ನೇ ಬಿಟ್ಟುಹೋಗಿದ್ದ. ಇದನ್ನು ಓದಿದಾಗ ಗುಮಾಸ್ತೆಯ ಮೈ ನಡುಗುತ್ತದೆ. ಸರ್ಕಾರಕ್ಕೆ ಸುಳ್ಳು ಹೇಳಿ ಅನುಮತಿ ಪಡೆದರೆಂಬ ದಾವೆಯನ್ನು ಒಡೆತನದ ಫೈಜರ್ ಕಂಪನಿ 1994ರಲ್ಲಿ ಒಂದು ಕೋಟಿ ಡಾಲರಿಗೂ ಮಿಗಿಲಾದ ಹಣ ತೆತ್ತು ಮುಗಿಸಿಕೊಂಡಿತು.

ಔಷಧಿಯ ಮಾತ್ರೆ ಮೊದಲನೆಯದೂ ಸಾವಿರದನೆಯದೂ ಒಂದೇ. ಶಸ್ತ್ರಕ್ರಿಯೆ ಹಾಗಲ್ಲ. ಹೊಸ ವಿಧಾನ ಹತ್ತು ರೋಗಿಗಳನ್ನು ದಾಟುವಷ್ಟರಲ್ಲಿ ಹೊಲಿಗೆ ಬದಲಾಗಿರುತ್ತದೆ, ಉಪಕರಣದ ತುದಿ ಬದಲಾಗಿರುತ್ತದೆ, ಯಾವ ರೋಗಿ ತಕ್ಕವನೆಂಬ ಎಣಿಕೆಯೂ ಬದಲಾಗಿರುತ್ತದೆ. ಇದು ತಪ್ಪಲ್ಲ, ಬದಲಾಗದೆ ವಿದ್ಯೆ ಬೆಳೆಯದು. ಆದರೆ ಕೊನೆಗೆ ಹತ್ತು ಜನ ಬದುಕಿದರು ಎಂದಷ್ಟೇ ಬರೆದರೆ, ಯಾವ ಬದಲಾವಣೆಯಿಂದ ಯಾರು ಬದುಕಿದರೆಂದು ದೂರದ ಊರಿನ ಇನ್ನೊಬ್ಬ ವೈದ್ಯ ಹೇಗೆ ತಿಳಿಯಬೇಕು? ಅವನು ಅದೇ ತಪ್ಪನ್ನು ತನ್ನ ರೋಗಿಯ ಮೇಲೆ ಮೊದಲಿನಿಂದ ಮಾಡುತ್ತಾನೆ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಸೇರಿ ಚರ್ಚಿಸಿದ ಶಸ್ತ್ರವೈದ್ಯರು 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐಡಿಯಲ್ ಎಂಬ ಕ್ರಮವನ್ನು ಪ್ರಕಟಿಸಿದ್ದು ಇದಕ್ಕಾಗಿಯೇ. ಪ್ರತಿಯೊಂದು ಬದಲಾವಣೆಯನ್ನೂ ಯಾವಾಗ ಮಾಡಿದೆವು, ಏಕೆ ಮಾಡಿದೆವು ಎಂಬುದರೊಂದಿಗೆ, ರೋಗಿಗಳ ಸಾಲಿನಲ್ಲಿ ಯಾರನ್ನೂ ಬಿಡದೆ ವರದಿ ಮಾಡಬೇಕೆಂದು ಅದು ಕೇಳುತ್ತದೆ. ಪೂಜಪ್ಪುರದವರು ಇದರ ಬಹುಭಾಗವನ್ನು ಯಾರೂ ಕೇಳುವ ಮೊದಲೇ ಮಾಡಿದ್ದರೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸರ್ಕಾರವೂ ಸುಮ್ಮನಿಲ್ಲ. ಉಪಕರಣಗಳಿಂದಾದ ಕೇಡನ್ನು ವರದಿ ಮಾಡುವ ರಾಷ್ಟ್ರೀಯ ಯೋಜನೆ 2015ರಲ್ಲಿ ಮೊದಲಾಯಿತು. 2018ರ ಜನವರಿ 1ರಂದು ಜಾರಿಗೆ ಬಂದ ವೈದ್ಯಕೀಯ ಉಪಕರಣಗಳ ನಿಯಮಗಳ ಪ್ರಕಾರ ವಸ್ತು, ವಿನ್ಯಾಸ ಮುಂತಾದ ದೊಡ್ಡ ಬದಲಾವಣೆಗೆ ತಯಾರಕನು ಮೊದಲೇ ಅನುಮತಿ ಪಡೆಯಬೇಕು. ಸಣ್ಣದನ್ನು 30 ದಿನಗಳೊಳಗೆ ತಿಳಿಸಬೇಕು.

ವಲಿಯತ್ತಾನರು 1993ರಲ್ಲಿ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ಆಮೇಲೆ ಅಲ್ಲಿಯೇ ನಿಂತು ಚರಕ, ಸುಶ್ರುತರನ್ನು ಕುರಿತ ಗ್ರಂಥಗಳನ್ನು ಬರೆದು, 2024ರ ಜುಲೈ 17ರಂದು ಮಣಿಪಾಲದಲ್ಲಿಯೇ ತೀರಿಕೊಂಡರು. ಕೇರಳಕ್ಕೆ ಬಂದ ಕನ್ನಡಿಗರಾದ ನಾವು, ಕನ್ನಡ ನಾಡಿಗೆ ಹೋದ ಆ ಕೇರಳೀಯರನ್ನು ನೆನೆಯುವುದು ಸಹಜವಲ್ಲವೆ? ಅವರ ಕವಾಟವನ್ನು ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅಳವಡಿಸಲಾಗಿದೆ. ಯಾವ ಕಂಪನಿಯ ಕವಾಟವನ್ನೇ ಹಾಕಿರಲಿ, ಆಸ್ಪತ್ರೆಯಿಂದ ಬಿಡುವಾಗ ಮಾದರಿ, ಅಳತೆ, ಕ್ರಮಸಂಖ್ಯೆಗಳನ್ನು ಬರೆದ ಒಂದು ಚೀಟಿ ಕೊಡುತ್ತಾರೆ. ನಮ್ಮ ಬಾಂಧವರ ಮನೆಗಳಲ್ಲಿ ಅಂಥ ಚೀಟಿಯಿದ್ದರೆ ಅದನ್ನು ರೇಷನ್ ಕಾರ್ಡು, ಪಾಸ್‌ಬುಕ್ಕುಗಳ ಜೊತೆಯಲ್ಲಿಯೇ ಇಡಲಿ. ವರ್ಗವಾಗಿ ಬೇರೆ ಊರಿಗೆ ಹೋಗುವಾಗ ಪೆಟ್ಟಿಗೆಯ ತಳಕ್ಕೆ ಹಾಕದೆ ಕೈಚೀಲದಲ್ಲಿ ಒಯ್ಯಲಿ.